ಸಸ್ಯಭಿತ್ತಿ: ಮಾಳಿಗೆಯ ಮೇಲಣ ಹಸುರುಗೋಡೆಯ ವಿಚಾರ

ದೇವಾಲಯದ ಗೋಪುರದ ಬಿರುಕಿನಲ್ಲಿ ಅರಳಿಯ ಸಸಿಯೊಂದು ಮೊಳೆತರೆ ಊರಿನ ಹಿರಿಯರು ಅದನ್ನು ಒಡನೆಯೇ ಕೀಳಿಸುವರು. ಹಕ್ಕಿಯ ಹಿಕ್ಕೆಯೊಡನೆ ಬಂದ ಬೀಜವು ಗಾರೆಯೊಳಕ್ಕೆ ಬೇರಿಳಿಸಿ ಕ್ರಮೇಣ ಕಲ್ಲನ್ನೇ ಕದಲಿಸುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಹೀಗಿರಲು, ಈಚೆಗೆ ನಗರಗಳ ಕಚೇರಿಗಳಲ್ಲಿ ಗೋಡೆಗೇ ಗಿಡ ನೆಟ್ಟು ಅದನ್ನು ಅಲಂಕಾರವೆಂದೂ ತಂಪಿನ ಸಾಧನವೆಂದೂ ಭಾವಿಸುತ್ತಿರುವುದು ವಿಪರೀತವಾಗಿ ತೋರಬಹುದು. ಈ ವಿರೋಧವು ಹೇಗೆ ಪರಿಹಾರವಾಗುವುದೆಂಬುದೇ ಇಲ್ಲಿಯ ವಿಚಾರ.

ಮೊದಲು ಒಂದು ಭೇದವನ್ನು ಗ್ರಹಿಸಬೇಕು. ಕಾವ್ಯಗಳಲ್ಲಿ ಬರುವ ಲತಾಗೃಹ, ಲತಾಮಂಟಪಗಳು ಸಸ್ಯಭಿತ್ತಿಗಳಲ್ಲ. ಅಲ್ಲಿ ಬಳ್ಳಿಯ ಬೇರು ನೆಲದಲ್ಲಿಯೇ ಇದ್ದು, ಕಾಂಡ ಮಾತ್ರ ಆಸರೆಯನ್ನು ಹಿಡಿದು ಏರುತ್ತದೆ. ಮೈಸೂರು ಸೀಮೆಯ ಎಲೆದೋಟದಲ್ಲಿ ವೀಳ್ಯದ ಬಳ್ಳಿ ಮರವನ್ನು ಹಬ್ಬುವುದೂ ಇದೇ ಬಗೆ. ಸಸ್ಯಭಿತ್ತಿಯಲ್ಲಿಯಾದರೋ ಬೇರೇ ಗೋಡೆಯ ಮೇಲಿರುವುದು. ಭೂಮಿಗೂ ಗಿಡಕ್ಕೂ ಸಂಬಂಧವೇ ಇಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಅಧ್ಯಾಪಕ ಸ್ಟ್ಯಾನ್ಲಿ ಹಾರ್ಟ್ ವೈಟ್ ಎಂಬವರು ಇಂಥ ರಚನೆಗೆ 1938ರಲ್ಲಿ ಹಕ್ಕುಪತ್ರ ಪಡೆದರು. ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪ್ಯಾಟ್ರಿಕ್ ಬ್ಲಾಂಕ್ ಮಣ್ಣನ್ನೇ ಬಿಟ್ಟು, ತೇವ ಹಿಡಿಯುವ ದಪ್ಪ ಬಟ್ಟೆಯಲ್ಲಿ ಗಿಡ ನಿಲ್ಲಿಸುವ ಕ್ರಮವನ್ನು ಪ್ರಸಿದ್ಧಿಗೆ ತಂದರು. 2006ರಲ್ಲಿ ತೆರೆದ ಪ್ಯಾರಿಸಿನ ಕೆ ಬ್ರಾನ್ಲಿ ವಸ್ತುಸಂಗ್ರಹಾಲಯದ ಗೋಡೆ ಅವರದೇ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಮೇಲುಸೇತುವೆಯ ಕಂಬಕ್ಕೆ 2017ರಲ್ಲಿ ಹಸುರು ಹೊದಿಸಿದ್ದುಂಟು.

ನಮ್ಮ ವೃಕ್ಷಾಯುರ್ವೇದದ ದೃಷ್ಟಿ ಇದಕ್ಕೆ ಎದುರಾದುದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮರದಿಂದ ಮರಕ್ಕೆ ಇಪ್ಪತ್ತು ಹಸ್ತದ ಅಂತರ ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಕನಿಷ್ಠವೆಂದು ವಿಧಿಸಿದ್ದಾನೆ. ಒತ್ತಾಗಿ ಬೆಳೆದು ಬೇರು ಬೆರೆತ ಮರಗಳು ಚೆನ್ನಾಗಿ ಫಲ ಕೊಡವೆಂಬುದು ಆತನ ಹೇತು. ಸಸ್ಯಭಿತ್ತಿಯಲ್ಲಿ ಒಂದು ಚದರ ಮೀಟರಿಗೆ ಇಪ್ಪತ್ತು ಮೂವತ್ತು ಗಿಡಗಳು. ಆದರೆ ಇಲ್ಲಿ ಫಲಾಪೇಕ್ಷೆಯಿಲ್ಲ, ಎಲೆಯೊಂದೇ ಬೇಕಾದುದು. ಆದುದರಿಂದ ಆ ನಿಯಮಕ್ಕೆ ಭಂಗ ಬಂದಿತೆನ್ನಲಾಗದು. ನೀರಿನ ವಿಷಯದಲ್ಲಿ ಮಾತ್ರ ಅಂತರ ದೊಡ್ಡದು. ಬೇಸಗೆಯಲ್ಲಿ ಬೆಳಿಗ್ಗೆ ಸಂಜೆ, ಶೀತಕಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಎಂಬ ಪ್ರಾಚೀನ ಕ್ರಮವು ನೀರನ್ನು ಹಿಡಿದಿಡುವ ಭೂಮಿಯನ್ನು ನಂಬಿದೆ. ಬಟ್ಟೆಗೆ ಆ ಶಕ್ತಿಯಿಲ್ಲವಾಗಿ, ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವೇ ಉಣಿಸಬೇಕು.

ವ್ಯಾಸತೀರ್ಥರ ಜನ್ಮಸ್ಥಳವೆಂದು ವಿದ್ವಾಂಸರಿಗೆ ಪರಿಚಿತವಾದ ಬನ್ನೂರಿನಂಥ ಊರಿನಲ್ಲಿ, ಕಚೇರಿಯೊಂದರ ತಾರಸಿಯ ಮೇಲೆ ಮೂರು ಮೀಟರು ಉದ್ದ, ಎರಡು ಮೀಟರು ಎತ್ತರದ ಭಿತ್ತಿಯನ್ನು ನಿಲ್ಲಿಸಬೇಕೆಂದಿಟ್ಟುಕೊಳ್ಳೋಣ. ಮಣ್ಣಿನ ತಟ್ಟೆಗಳಿಂದ ಕಟ್ಟಿ ನೀರು ಹೀರಿದಾಗ ಚದರ ಮೀಟರಿಗೆ 60 ಕಿಲೋಗ್ರಾಂ ಎಂದು ಹಿಡಿದರೆ ಒಟ್ಟು ತೂಕ 360 ಕಿಲೋಗ್ರಾಂ. ಅರ್ಧ ಮೀಟರು ಅಗಲದ ಪೀಠದ ಮೇಲೆ ಅದು ನಿಂತರೆ ಅಡಿಯ ಚದರ ಮೀಟರಿಗೆ 240 ಬೀಳುವುದು. ಜನರು ಓಡಾಡುವ ತಾರಸಿಗೆ ಭಾರತೀಯ ಮಾನಕವು ವಿಧಿಸಿರುವ ಭಾರ ಸುಮಾರು 150 ಮಾತ್ರ. ಆದುದರಿಂದ ಅದು ತೊಲೆಯ ಮೇಲೋ ಕೆಳಗಣ ಗೋಡೆಯ ನೇರಕ್ಕೋ ಬರಬೇಕು.

ಅನೇಕರು ಇಷ್ಟಕ್ಕೇ ಸಮಾಧಾನಪಡುವರು, ಗಾಳಿಯನ್ನು ಎಣಿಸುವುದಿಲ್ಲ. ಮೈಸೂರು ಪ್ರಾಂತಕ್ಕೆ ಮಾನಕದಲ್ಲಿ ಹೇಳಿರುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರು, ಎಂದರೆ ಗಂಟೆಗೆ ಸುಮಾರು 120 ಕಿಲೋಮೀಟರು. ಆ ವೇಗದಲ್ಲಿ ಚದರ ಮೀಟರಿಗೆ ಹತ್ತಿರ ಹತ್ತಿರ 65 ಕಿಲೋಗ್ರಾಂ ಭಾರದಷ್ಟು ನೂಕು ಬೀಳುವುದರಿಂದ, ಆರು ಚದರ ಮೀಟರಿಗೆ 390 ಆಗುವುದು. ಭಿತ್ತಿಯ ತೂಕಕ್ಕಿಂತ ನೂಕೇ ಹೆಚ್ಚು! ಮೇಲಾಗಿ ನೂಕು ಒಂದು ಮೀಟರು ಎತ್ತರದಲ್ಲಿ ತಗಲಿದರೆ, ತಡೆಯುವ ತೂಕಕ್ಕೆ ಪೀಠದ ಅರ್ಧ ಅಗಲವಾದ ಕಾಲು ಮೀಟರು ಮಾತ್ರ ಸನ್ನೆ. ಬರಿದೆ ನಿಲ್ಲಿಸಿದ ಭಿತ್ತಿ ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಬೀದಿಗೆ ಬಿದ್ದೀತು. ತಾರಸಿಯನ್ನು ಕೊರೆದು ಮೊಳೆ ಹಾಕಿದರೆ ಸೋರಿಕೆಗೆ ದಾರಿ. ಮೆಟ್ಟಿಲ ಕೋಣೆಯ ಗೋಡೆಗೆ ಕಬ್ಬಿಣದ ಚೌಕಟ್ಟನ್ನು ಬಿಗಿಯುವುದೇ ಲೇಸಾದ ಉಪಾಯ.

ಆ ಚೌಕಟ್ಟಿಗೂ ಗೋಡೆಗೂ ನಡುವೆ ಮೂರು ಬೆರಳಿನಷ್ಟು ತೆರವು ಬಿಟ್ಟು, ನೀರು ಹೀರದ ಹಲಗೆಯನ್ನು ಹಾಸಿ, ಅದರ ಮೇಲೆ ಗಿಡಗಳನ್ನು ನಿಲ್ಲಿಸಬೇಕು. ಗಾಳಿಯಾಡುವ ಈ ತೆರವಿನಿಂದ ತೇವವೂ ಬೇರೂ ಗಾರೆಯನ್ನು ಮುಟ್ಟಲಾರವು. ಮೊದಲು ಹೇಳಿದ ವಿರೋಧಕ್ಕೆ ಪರಿಹಾರ ಇದೇ. ಕೆಳಗೆ ದೋಣಿಯೊಂದನ್ನಿಟ್ಟು ಇಳಿದ ನೀರನ್ನು ಮಳೆನೀರಿನ ಕೊಳವೆಗೆ ಒಯ್ಯಬೇಕು.

ಗಿಡಗಳ ಆಯ್ಕೆಗೆ ನೀರೇ ಪ್ರಮಾಣ. ಮೇಲಿನ ಸಾಲು ಬೇಗ ಒಣಗುವುದು; ಕೆಳಗಿನದು ಸದಾ ನೆನೆದಿರುವುದು. ಮೇಲೆ ಬಿಸಿಲು ತಾಳುವ ದೊಡ್ಡಪತ್ರೆ, ಅಡಿಯಲ್ಲಿ ತೇವ ಬಯಸುವ ಒಂದೆಲಗ ಹೊಂದುವುವು. (ಒಂದೆಲಗವೇ ಬ್ರಾಹ್ಮಿಯೋ ಅಲ್ಲವೋ ಎಂಬ ವೈದ್ಯರ ವಾದಕ್ಕೆ ಇಲ್ಲಿ ಎಡೆಯಿಲ್ಲ.) ಬೇಸಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಐದರಿಂದ ಹತ್ತು ಲೀಟರು ಬೇಕಾಗುವುದರಿಂದ ಇಡೀ ಭಿತ್ತಿಗೆ ಮೂವತ್ತರಿಂದ ಅರವತ್ತು ಲೀಟರು. ವಿದ್ಯುತ್ತು ಕೈಕೊಟ್ಟು ಪಂಪು ಎರಡು ದಿನ ನಿಂತರೆ ಚೈತ್ರದ ಬಿಸಿಲಿಗೆ ಮೇಲಿನ ಸಾಲೇ ಸುಟ್ಟುಹೋದೀತು. ಎತ್ತರದ ತೊಟ್ಟಿಯಿಂದ ತಾನಾಗಿ ಇಳಿಯುವ ನೀರು ಬನ್ನೂರಿಗೆ ಹೆಚ್ಚು ನೆಚ್ಚತಕ್ಕುದು. ಒಂದು ಲೀಟರು ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಹಿಡಿಯುವುದರಿಂದ ಬಳಿಯಲ್ಲಿ ಕುಳಿತವರಿಗೆ ತಂಪು ದಿಟ. ತಾರಸಿಯ ಕೆಳಗಣ ಕೋಣೆಗೆ ಮಾತ್ರ ಈ ಭಿತ್ತಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದಕ್ಕೆ ತಾರಸಿಯ ಮೇಲೆಯೇ ನೆರಳು ಬೀಳಬೇಕು.

ಸದಾ ತೇವವಾಗಿರುವ ಬಟ್ಟೆ ಹಕ್ಕಿಗಳು ತಂದ ಅರಳಿ, ಆಲದ ಬೀಜಗಳಿಗೂ ಒಳ್ಳೆಯ ಮಡಿಯೇ. ತಿಂಗಳಿಗೊಮ್ಮೆ ಭಿತ್ತಿಯನ್ನು ಶೋಧಿಸಿ ಆ ಸಸಿಗಳನ್ನು ಬೇರುಸಹಿತ ಕೀಳಿಸುವ ಕೆಲಸ ಗೋಪುರದ ಹಾಗೆ ಇಲ್ಲಿಯೂ ತಪ್ಪಿದ್ದಲ್ಲ.