ನೆಲದಡಿಯ ಗಾಡಿ, ಕಾಯುವ ಜನ

ಬೀದಿಯಲ್ಲಿ ಬಸ್ಸಿಗಾಗಿ ಕಾಯುತ್ತಿರುವವನಿಗೆ ಒಂದು ಅನುಕೂಲವುಂಟು. ಅವನು ಕತ್ತೆತ್ತಿ ರಸ್ತೆಯ ಉದ್ದಕ್ಕೂ ನೋಡಬಲ್ಲನು. ದೂರದಲ್ಲಿ ಬಸ್ಸು ಕಂಡರೆ ನಿಲ್ಲುತ್ತಾನೆ, ಕಾಣದಿದ್ದರೆ ನಡೆದೇ ಹೋಗುತ್ತಾನೆ. ಬಸ್ಸಿನೊಳಗೆ ಕುಳಿತ ಮೇಲೂ ಕಿಟಕಿಯಾಚೆ ಕಾಣುವ ಗುಡಿ, ಅಂಗಡಿ, ಮರಗಳು ಅವನು ಎಲ್ಲಿರುವನೆಂಬುದನ್ನು ತಿಳಿಸುತ್ತಲೇ ಇರುತ್ತವೆ. ನೆಲದಡಿಯ ರೈಲಿನ ಪ್ರಯಾಣಿಕನಿಗೆ ಈ ಯಾವ ಸೌಕರ್ಯವೂ ಇಲ್ಲ. ಅವನೆದುರಿಗಿರುವುದು ಕತ್ತಲೆಯ ಸುರಂಗ. ಗಾಡಿ ಎರಡು ನಿಮಿಷದಲ್ಲಿ ಬರುವುದೋ ಇಪ್ಪತ್ತು ನಿಮಿಷದಲ್ಲಿ ಬರುವುದೋ ಅವನ ಕಣ್ಣಿಗೆ ತಿಳಿಯದು. ಒಳಹೊಕ್ಕ ಮೇಲೆ ಮುಂದಿನ ನಿಲ್ದಾಣ ಯಾವುದೆಂದು ಕಿಟಕಿ ಹೇಳದು. ಆದುದರಿಂದ ಇಂತಹ ರೈಲನ್ನು ನಡೆಸುವವರು ಎರಡನ್ನು ಒದಗಿಸಬೇಕಾಗುತ್ತದೆ: ಒಂದು, ಗಾಡಿ, ಇನ್ನೊಂದು, ಆ ಗಾಡಿಯನ್ನು ಕುರಿತ ತಿಳಿವಳಿಕೆ. ಎರಡನೆಯದು ಮೊದಲನೆಯದಕ್ಕಿಂತ ಸುಲಭವೆಂದು ಯಾರೂ ಭಾವಿಸಬಾರದು. ನ್ಯೂಯಾರ್ಕ್ ನಗರದ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ.

ಆ ನಗರದ ನೆಲದಡಿಯ ರೈಲು ಓಡಲಾರಂಭಿಸಿದುದು 1904ರ ಅಕ್ಟೋಬರ್ 27ರಂದು. ಇಂದು ಅದಕ್ಕೆ 472 ನಿಲ್ದಾಣಗಳಿವೆ. ಹಗಲಿರುಳೆನ್ನದೆ ಅದು ಓಡುತ್ತಲೇ ಇರುವುದರಿಂದ, ಬೇರೆ ನಗರಗಳಲ್ಲಿರುವಂತೆ ರಾತ್ರಿ ಬಾಗಿಲು ಮುಚ್ಚಿ ಸಾವಕಾಶವಾಗಿ ದುರಸ್ತಿ ಮಾಡುವ ಅವಕಾಶ ಅಲ್ಲಿಲ್ಲ.

ಸುರಂಗದ ಅಳತೆ

ಹೊಸ ಗಾಡಿಯನ್ನು ಯೋಜಿಸುವ ಇಂಜಿನಿಯರನಿಗೆ ಮೊದಲು ಎದುರಾಗುವುದು ಹಿಂದಿನವರು ತೋಡಿಟ್ಟ ಸುರಂಗ. 1904ರ ಮಾರ್ಗದ ಡಬ್ಬಿಗಳ ಅಗಲ ಸುಮಾರು ಎಂಟೂಮುಕ್ಕಾಲು ಅಡಿ. ಮುಂದೆ ಬೇರೊಂದು ಸಂಸ್ಥೆಯೂ ನಗರಾಡಳಿತವೂ ಕಟ್ಟಿಸಿದ ಮಾರ್ಗಗಳಲ್ಲಿ ಹತ್ತು ಅಡಿ ಅಗಲದ ಡಬ್ಬಿಗಳು ಬಂದವು. ಹಳಿಗಳ ನಡುವಣ ಅಂತರ ಎರಡಕ್ಕೂ ಒಂದೇ ಆದರೂ ಗಾಡಿಗಳನ್ನು ಅದಲುಬದಲು ಮಾಡುವಂತಿಲ್ಲ. ಅಗಲವಾದುದು ಕಿರಿದಾದ ಸುರಂಗದಲ್ಲಿ ಹಿಡಿಯದು. ಕಿರಿದಾದುದು ಅಗಲದ ಮಾರ್ಗಕ್ಕೆ ಹೋದರೆ ಪ್ಲಾಟ್‌ಫಾರಂಗೂ ಬಾಗಿಲಿಗೂ ನಡುವೆ ಅಪಾಯಕರವಾದ ಸಂದು ಉಳಿಯುತ್ತದೆ. ಅಲ್ಲಿ ಅಂಕಿಯಿಂದ ಕರೆಯುವ ಮಾರ್ಗಗಳು ಕಿರಿಯ ಅಳತೆಯವು, ಅಕ್ಷರದಿಂದ ಕರೆಯುವವು ಹಿರಿಯ ಅಳತೆಯವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಡಬ್ಬಿಯ ಉದ್ದಕ್ಕೂ ಇಂತಹುದೇ ಕಟ್ಟು. 1970ರ ದಶಕದಲ್ಲಿ ಅಕ್ಷರದ ಮಾರ್ಗಗಳಿಗೆ 75 ಅಡಿ ಉದ್ದದ ಡಬ್ಬಿಗಳನ್ನು ತಂದರು. ಅದಕ್ಕೆ ಮುಂಚೆ ಇದ್ದವು 60 ಅಡಿಯವು. ಆರುನೂರು ಅಡಿಯ ಗಾಡಿಗೆ ಹತ್ತು ಡಬ್ಬಿಯ ಬದಲು ಎಂಟೇ ಸಾಕು; ಗಾಲಿಗಳ ಚೌಕಟ್ಟುಗಳು ಇಪ್ಪತ್ತರಿಂದ ಹದಿನಾರಕ್ಕೆ ಇಳಿಯುತ್ತವೆ. ಲಾಭವೇ ಸರಿ. ಆದರೆ ರೇಖಾಗಣಿತ ತನ್ನ ಪಾಲನ್ನು ಕೇಳಿತು. ತಿರುವಿನಲ್ಲಿ ನಿಂತ ಡಬ್ಬಿ ವೃತ್ತದ ಜ್ಯಾ ಇದ್ದಂತೆ, ಹಳಿ ಅದರ ಕಂಸ. ಜ್ಯಾ ಉದ್ದವಾದಂತೆಲ್ಲ ಅದಕ್ಕೂ ಕಂಸಕ್ಕೂ ನಡುವಣ ಅಂತರ ಹೆಚ್ಚುಕಡಮೆ ಉದ್ದದ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆ. 60 ಅಡಿ 75 ಆದಾಗ ಉದ್ದ ಹೆಚ್ಚಿದುದು ಕಾಲು ಭಾಗ ಮಾತ್ರ. ಹೊರಚಾಚು ಒಂದೂವರೆ ಪಟ್ಟಿಗಿಂತಲೂ ಹೆಚ್ಚಾಯಿತು. ತಿರುವುಗಳಲ್ಲಿ ಡಬ್ಬಿಯ ತುದಿಗಳು ಒಂದರಿಂದೊಂದು ದೂರ ಸರಿಯುತ್ತಿದ್ದುದರಿಂದ ತುದಿಯ ಬಾಗಿಲುಗಳಿಗೆ ಬೀಗ ಹಾಕಬೇಕಾಯಿತು. ತೀವ್ರವಾದ ತಿರುವುಗಳಿದ್ದ ಕೆಲವು ಮಾರ್ಗಗಳಿಗಂತೂ ಅವು ಕಾಲಿಡಲೇ ಇಲ್ಲ.

ಬಾಗಿಲ ಲೆಕ್ಕ

ಗಾಡಿಯ ಮೋಟಾರು ಎಷ್ಟು ಬಲಶಾಲಿಯಾದರೂ ಒಂದು ಮಾರ್ಗದ ಸಾಮರ್ಥ್ಯವನ್ನು ಎಷ್ಟೋ ವೇಳೆ ನಿರ್ಧರಿಸುವುದು ಬಾಗಿಲು ಎಂದರೆ ವಾಚಕರಿಗೆ ಸೋಜಿಗವಾಗಬಹುದು. ಎರಡು ನಿಮಿಷಕ್ಕೊಂದರಂತೆ ಗಾಡಿ ಬಿಟ್ಟರೆ ಗಂಟೆಗೆ 30 ಗಾಡಿಗಳಾಗುತ್ತವೆ. ಅತ್ಯಂತ ಜನನಿಬಿಡವಾದ ನಿಲ್ದಾಣದಲ್ಲಿ ಹತ್ತುವವರೂ ಇಳಿಯುವವರೂ ನೂಕಾಡಿ, ಪ್ರತಿಯೊಂದು ಗಾಡಿಯೂ ಹತ್ತೇ ಸೆಕೆಂಡು ತಡವಾಯಿತೆಂದು ಇಟ್ಟುಕೊಳ್ಳೋಣ. ಹಿಂದಿನ ಗಾಡಿ ಮುಂದಿನದಕ್ಕಾಗಿ ಕಾಯಲೇಬೇಕು. ಆಗ ಅಂತರ 130 ಸೆಕೆಂಡು. 3600ನ್ನು 130ರಿಂದ ಭಾಗಿಸಿದರೆ ಬರುವುದು 27 ಚಿಲ್ಲರೆ. ಎರಡಕ್ಕಿಂತ ಹೆಚ್ಚು ಗಾಡಿಗಳು ನಷ್ಟವಾದುವು. ಗಾಡಿಗೆ ಸಾವಿರ ಜನರಂತೆ ಎಣಿಸಿದರೂ ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಜನ ಪ್ಲಾಟ್‌ಫಾರಂ ಮೇಲೆಯೇ ಉಳಿದರು. ಹತ್ತು ಸೆಕೆಂಡಿನ ಬೆಲೆ ಇಷ್ಟು!

ಈ ಲೆಕ್ಕವನ್ನು ಬಲ್ಲವರು ರೂಪಿಸಿದ ಡಬ್ಬಿಯೇ ಜಪಾನಿನ ಕಾವಾಸಾಕಿ ಸಂಸ್ಥೆಗೆ 2018ರಲ್ಲಿ ಬೇಡಿಕೆ ಸಲ್ಲಿಸಿ ಮಾಡಿಸಿದ 'ಆರ್-211'. ಇದು ಜನರನ್ನು ಹೊತ್ತು ಓಡತೊಡಗಿದುದು 2023ರ ಮಾರ್ಚಿಯಲ್ಲಿ. ಇದರ ಬಾಗಿಲಿನ ಅಗಲ 58 ಅಂಗುಲ; ಹಿಂದಿನವುಗಳದು 50. ಎಂಟು ಅಂಗುಲವೇನು ಮಹಾ ಎನ್ನಬೇಡಿ. ಹಳೆಯ 75 ಅಡಿಯ ಎಂಟು ಡಬ್ಬಿಗಳಲ್ಲಿ ಒಂದು ಪಕ್ಕಕ್ಕೆ ನಾಲ್ಕರಂತೆ 32 ಬಾಗಿಲು. ಒಟ್ಟು ತೆರಪು 1600 ಅಂಗುಲ. ಹೊಸ 60 ಅಡಿಯ ಹತ್ತು ಡಬ್ಬಿಗಳಲ್ಲಿ 40 ಬಾಗಿಲು. ಒಟ್ಟು ತೆರಪು 2320 ಅಂಗುಲ. ಗಾಡಿಯ ಉದ್ದ ಅಷ್ಟೇ ಇದ್ದರೂ ಜನ ನುಗ್ಗುವ ದಾರಿ ನೂರಕ್ಕೆ 45ರಷ್ಟು ಹಿಗ್ಗಿತು. ಇದೇ ಬಗೆಯ ಕೆಲವು ಡಬ್ಬಿಗಳ ನಡುವಣ ಗೋಡೆಯನ್ನೇ ತೆಗೆದು, ಮೊಗಸಾಲೆಯಂತೆ ಒಂದರಿಂದೊಂದಕ್ಕೆ ನಡೆದಾಡುವಂತೆ ಮಾಡಿದ ಗಾಡಿಯನ್ನು 2024ರ ಫೆಬ್ರವರಿಯಲ್ಲಿ ಪ್ರಾಯೋಗಿಕವಾಗಿ ಓಡಿಸಿದರು.

ಬರುತ್ತಿರುವ ಗಾಡಿ ಯಾವುದು?

ಇನ್ನು ತಿಳಿವಳಿಕೆಯ ಮಾತಿಗೆ ಬರೋಣ. ಸುರಂಗದಲ್ಲಿ ಗಾಡಿ ಎಲ್ಲಿದೆಯೆಂಬುದು ಸಿಗ್ನಲ್ ವ್ಯವಸ್ಥೆಗೆ ಗೊತ್ತಿರಲೇಬೇಕಷ್ಟೆ? ಹಾಗಿರುವಲ್ಲಿ ಅದನ್ನು ಫಲಕದ ಮೇಲೆ ಬರೆದು ತೋರಿಸಲು ಕಷ್ಟವೇನು?

ಕಷ್ಟವಿರುವುದು ಸಿಗ್ನಲ್ಲಿನ ಸ್ವಭಾವದಲ್ಲಿಯೇ. ಹಳಿಯನ್ನು ತುಂಡುತುಂಡಾಗಿ ವಿಭಾಗಿಸಿ ಪ್ರತಿಯೊಂದು ತುಂಡಿನಲ್ಲಿಯೂ ಸ್ವಲ್ಪ ವಿದ್ಯುತ್ತನ್ನು ಹರಿಯಿಸಿರುತ್ತಾರೆ. ಆ ವಿದ್ಯುತ್ತು ತುದಿಯಲ್ಲಿರುವ ವಿದ್ಯುತ್ಕಾಂತವೊಂದನ್ನು ಎಚ್ಚರವಾಗಿರಿಸಿ ಹಸುರು ದೀಪವನ್ನು ಉರಿಸುತ್ತದೆ. ಗಾಡಿ ಆ ತುಂಡಿಗೆ ಬಂದೊಡನೆ ಅದರ ಗಾಲಿ ಅಚ್ಚುಗಳು ಎರಡು ಹಳಿಗಳನ್ನೂ ಕೂಡಿಸಿಬಿಡುತ್ತವೆ. ವಿದ್ಯುತ್ತು ಆ ಅಡ್ಡದಾರಿಯಲ್ಲಿ ಹರಿದುಹೋಗುತ್ತದೆ. ಕಾಂತ ಬಲಗುಂದುತ್ತದೆ, ದೀಪ ಕೆಂಪಾಗುತ್ತದೆ. ಹಳಿ ಒಡೆದರೂ ತಂತಿ ಕಡಿದರೂ ಕೆಂಪೇ. ಕೆಟ್ಟರೆ ಕ್ಷೇಮದ ಕಡೆಗೇ ಕೆಡುವ ಈ ಉಪಾಯಕ್ಕೆ ಅಮೆರಿಕದ ವಿಲಿಯಂ ರಾಬಿನ್‌ಸನ್ 1872ರಲ್ಲಿ ಪೇಟೆಂಟ್ ಪಡೆದನು. ಆದರೆ ಅದು ಹೇಳುವುದು 'ಇಲ್ಲಿ ಒಂದು ಗಾಡಿ ಇದೆ' ಎಂದಷ್ಟೇ. ಅದು ಯಾವ ಊರಕಡೆಯ ಗಾಡಿಯೆಂಬುದನ್ನು ಹೇಳದು. ಡಿಕ್ಕಿಯನ್ನು ತಪ್ಪಿಸಲು ಅಷ್ಟು ಸಾಕು. ಒಂದೇ ಹಳಿಯ ಮೇಲೆ ಮೂರು ನಾಲ್ಕು ಬಗೆಯ ಗಾಡಿಗಳು ಬರುವೆಡೆ ಕಾಯುತ್ತಿರುವವನಿಗೆ ಅಷ್ಟು ಸಾಲದು.

ಅಂಕಿಯ ಮಾರ್ಗಗಳಲ್ಲಿ ಬಹುಪಾಲಿಗೆ ಗಾಡಿಗಳ ಗುರುತನ್ನು ಹಿಡಿಯಬಲ್ಲ ಹೊಸ ನಿಯಂತ್ರಣ ವ್ಯವಸ್ಥೆಯನ್ನು ಹಾಕಿದ ಮೇಲೆ ನಿಮಿಷ ತೋರಿಸುವ ಫಲಕಗಳು ಬಂದವು. ಅಕ್ಷರದ ಮಾರ್ಗಗಳಲ್ಲಿ ಅಂತಹ ವ್ಯವಸ್ಥೆಗೆ ಕಾಯುತ್ತ ಕುಳಿತರೆ ಇನ್ನೂ ಎಷ್ಟೋ ವರ್ಷಗಳು ಹಿಡಿಯುತ್ತಿದ್ದವು. ಆಗ ಹೊಳೆದುದು ಒಂದು ಸರಳೋಪಾಯ. ಗಾಡಿಯ ಮೊದಲ ಮತ್ತು ಕೊನೆಯ ಡಬ್ಬಿಗಳಲ್ಲಿ ಪುಟ್ಟ ಬ್ಲೂಟೂತ್ ಪ್ರೇಷಕಗಳನ್ನು ಇಟ್ಟರು. ನಿಲ್ದಾಣಗಳಲ್ಲಿ ಗ್ರಾಹಕಗಳನ್ನು ಹಾಕಿದರು. ಅಲ್ಲಿ ಆಗಲೇ ಇದ್ದ ನಿಸ್ತಂತು ಜಾಲದ ಮೂಲಕ ಸುದ್ದಿಯನ್ನು ಕಳಿಸಿದರು. ಗಾಡಿ ಬಂದ ಕ್ಷಣವನ್ನೂ ಬಿಟ್ಟ ಕ್ಷಣವನ್ನೂ ವೇಳಾಪಟ್ಟಿಯೊಡನೆ ಹೋಲಿಸಿ, ಮುಂದಿನ ನಿಲ್ದಾಣಗಳಿಗೆ ಎಷ್ಟು ನಿಮಿಷವೆಂದು ಯಂತ್ರ ಎಣಿಸುತ್ತದೆ. 2016ರಲ್ಲಿ ಪರೀಕ್ಷೆಗೆ ತೊಡಗಿದ ಈ ಕೆಲಸ 2018ರ ಆರಂಭದ ಹೊತ್ತಿಗೆ ಮುಗಿದಿತ್ತು.

ಇದಕ್ಕೂ ಒಂದು ಮಿತಿಯುಂಟು. ಎರಡು ನಿಲ್ದಾಣಗಳ ನಡುವೆ ಗಾಡಿ ನಿಂತುಬಿಟ್ಟರೆ ಗ್ರಾಹಕಕ್ಕೆ ಅದು ಕೇಳಿಸದು. ಫಲಕದ ಅಂಕಿ ಬರಿಯ ಊಹೆಯಾಗುತ್ತದೆ. ಈ ಕೊರತೆಯನ್ನು ನೀಗುವುದು ರೇಡಿಯೋ ಸಂಪರ್ಕದ ನಿಯಂತ್ರಣ. ಇದರಲ್ಲಿ ಗಾಡಿಯೇ ತನ್ನ ಗಾಲಿಗಳ ಸುತ್ತುಗಳನ್ನು ಎಣಿಸಿ, ಹಳಿಗಳ ನಡುವೆ ಹುದುಗಿಸಿದ ಗುರುತುಗಳಿಂದ ಲೆಕ್ಕವನ್ನು ತಿದ್ದಿಕೊಂಡು, ತಾನಿರುವ ಸ್ಥಳವನ್ನು ಎಡೆಬಿಡದೆ ತಿಳಿಸುತ್ತಿರುತ್ತದೆ. ನ್ಯೂಯಾರ್ಕಿನ 'ಎಲ್' ಮಾರ್ಗ ಮೊದಲು, 2018ರಲ್ಲಿ 7ನೆಯ ಮಾರ್ಗ, ಹೀಗೆ ಒಂದೊಂದಾಗಿ ಇದಕ್ಕೆ ಮಾರ್ಪಟ್ಟಿವೆ. 2025ರ ಆಗಸ್ಟಿನಲ್ಲಿ ತೆರೆದ ಬೆಂಗಳೂರಿನ 'ನಮ್ಮ ಮೆಟ್ರೊ'ದ ಹಳದಿ ಮಾರ್ಗವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ.

ನಕ್ಷೆಯ ವಿವಾದ

ತಿಳಿವಳಿಕೆಯ ಇನ್ನೊಂದು ಸಾಧನ ನಕ್ಷೆ. ಲಂಡನ್ನಿನಲ್ಲಿ ವಿದ್ಯುನ್ಮಂಡಲದ ನಕ್ಷೆಗಳನ್ನು ಬರೆಯುತ್ತಿದ್ದ ಹ್ಯಾರಿ ಬೆಕ್ ಎಂಬಾತ ರೈಲು ಮಾರ್ಗಗಳನ್ನೂ ಅದೇ ರೀತಿ ನೆಟ್ಟನೆಯ ಗೆರೆಗಳಿಂದ ಬರೆದನು. 1933ರಲ್ಲಿ ಅದು ಅಚ್ಚಾಯಿತು. ನೆಲದಡಿಯಲ್ಲಿರುವವನಿಗೆ ಮೈಲಿಗಳ ಲೆಕ್ಕ ಬೇಡ, ನಿಲ್ದಾಣಗಳ ಅನುಕ್ರಮವೂ ಗಾಡಿ ಬದಲಿಸುವ ಸ್ಥಳವೂ ತಿಳಿದರೆ ಸಾಕೆಂಬುದೇ ಅದರ ತತ್ತ್ವ. ನ್ಯೂಯಾರ್ಕಿಗೆ 1972ರಲ್ಲಿ ಮಾಸ್ಸಿಮೊ ವಿನ್ಯೆಲ್ಲಿಯವರು ಇಂತಹುದೇ ನಕ್ಷೆಯನ್ನು ಕೊಟ್ಟರು. ನೋಡಲು ಅದು ಚೆಲುವಾಗಿತ್ತು; ಆದರೆ ಉದ್ದನೆಯ ಸೆಂಟ್ರಲ್ ಪಾರ್ಕ್ ಅದರಲ್ಲಿ ಬೂದುಬಣ್ಣದ ಚೌಕವಾಗಿತ್ತು. ನಿಲ್ದಾಣದಿಂದ ಮೇಲಕ್ಕೆ ಬಂದು ನಡೆಯಬೇಕಾದವರಿಗೆ ಇದರಿಂದ ತೊಡಕಾಯಿತು. 1979ರಲ್ಲಿ ಬೀದಿ, ನದಿ, ಉದ್ಯಾನಗಳನ್ನು ಹೆಚ್ಚುಕಡಮೆ ಇದ್ದಂತೆಯೇ ತೋರುವ ನಕ್ಷೆ ಬಂದಿತು. 2025ರಲ್ಲಿ ಮತ್ತೆ ನೆಟ್ಟನೆಯ ಗೆರೆಗಳ ನಕ್ಷೆಯೇ ಗಾಡಿಗಳನ್ನು ಸೇರಿತು. ಯಾವುದು ಸರಿ? ಗಾಡಿ ಬದಲಿಸುವವನಿಗೆ ಒಂದು, ಬೀದಿಯನ್ನು ಹುಡುಕುವವನಿಗೆ ಇನ್ನೊಂದು. ನಕ್ಷೆಯೆಂಬುದು ಪ್ರಶ್ನೆಯೊಂದಕ್ಕೆ ಉತ್ತರ. ಪ್ರಶ್ನೆ ಬೇರೆಯಾದರೆ ನಕ್ಷೆಯೂ ಬೇರೆಯಾಗಬೇಕು.

ಎಲ್ಲರಿಗೂ ಸಲ್ಲುವಂತೆ

ಕಣ್ಣಿಲ್ಲದವನಿಗೆ ಫಲಕ ನಿಷ್ಪ್ರಯೋಜಕ. ಕಿವಿ ಕೇಳಿಸದವನಿಗೆ ಘೋಷಣೆ ನಿಷ್ಪ್ರಯೋಜಕ. ಆದುದರಿಂದ ಒಂದೇ ಸುದ್ದಿಯನ್ನು ಅಕ್ಷರದಲ್ಲಿಯೂ ಧ್ವನಿಯಲ್ಲಿಯೂ ಕೊಡುವುದು ಹೊಸ ಡಬ್ಬಿಗಳ ನಿಯಮ. ಗಾಲಿಕುರ್ಚಿಗೆ ಎಡೆ ಮಾಡಲು ಮಡಿಸುವ ಆಸನಗಳೂ ಅವುಗಳಲ್ಲಿವೆ. ಆದರೆ ಗಾಲಿಕುರ್ಚಿಯವನು ಗಾಡಿಯ ಬಾಗಿಲಿಗೆ ಬರುವ ಮೊದಲು ನಿಲ್ದಾಣದ ಮೆಟ್ಟಿಲುಗಳನ್ನು ದಾಟಬೇಡವೇ? ಅಲ್ಲಿನ ಬಹುಪಾಲು ನಿಲ್ದಾಣಗಳಲ್ಲಿ ಇನ್ನೂ ಲಿಫ್ಟುಗಳಿಲ್ಲ. 2055ರೊಳಗೆ ನೂರಕ್ಕೆ 95ರಷ್ಟು ನಿಲ್ದಾಣಗಳನ್ನು ಅಂಥವರಿಗೆ ಅನುಕೂಲವಾಗಿಸುವುದಾಗಿ ಆಡಳಿತವು 2022ರಲ್ಲಿ ಒಪ್ಪಿಕೊಂಡಿತು.

1964ರಲ್ಲಿ ಹಳಿಗಿಳಿದ 'ಆರ್-32' ಎಂಬ ಉಕ್ಕಿನ ಡಬ್ಬಿಗಳಲ್ಲಿ ಕೆಲವು 2022ರ ಜನವರಿಯವರೆಗೂ ದುಡಿದವು. ಇಂದಿನ ಡಬ್ಬಿಗಳು ಅದಕ್ಕಿಂತ ಬಹಳ ಕಡಮೆ ಕಾಲ ಬಾಳಿದರೂ 2055ನ್ನು ಕಾಣಬಲ್ಲವು. ಅಷ್ಟರಲ್ಲಿ ಲಿಫ್ಟುಗಳು ಒಂದೊಂದಾಗಿ ಬಂದು, ಈ ಡಬ್ಬಿಗಳ ಅಗಲವಾದ ಬಾಗಿಲು ಯಾರಿಗಾಗಿ ತೆರೆದಿದೆಯೋ ಅವರು ಅದರ ಬಳಿಗೆ ತಲಪುವಂತಾಗಬೇಕು. ಆಗಲೇ ಈ ಯೋಜನೆ ಪೂರ್ಣವಾದಂತೆ.