ಕಾವಲು ಇಳಿಸದ ಮಿದುಳು

ಬೇಲೂರು ತಾಲ್ಲೂಕಿನ ಅರೇಹಳ್ಳಿ ಸುತ್ತಿನ ಕಾಫಿ ತೋಟಗಳಿಗೆ ಕಾಡಾನೆ ನುಗ್ಗಿದ ರಾತ್ರಿ ಪಟಾಕಿ ಸಿಡಿಯುವುದು ಮಾಮೂಲು. ಆನೆ ಓಡಿಸುವವರಿಗೆ ಅದು ಬರೀ ಸದ್ದು. ಆದರೆ ವರ್ಷಗಟ್ಟಲೆ ಗಡಿಯಲ್ಲಿ ದುಡಿದು, ಅರಸೀಕೆರೆ ಜಂಕ್ಷನ್ನಿನಲ್ಲಿ ಟ್ರಂಕು ಇಳಿಸಿಕೊಂಡು ಊರು ಸೇರಿದ ಮಾಜಿ ಸೈನಿಕರಲ್ಲಿ ಕೆಲವರಿಗೆ ಅದೇ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬೆಳಗಿನ ತನಕ ಕಣ್ಣು ಮುಚ್ಚುವುದಿಲ್ಲ. ‘ಮಿಲ್ಟ್ರಿಯವರಿಗೆ ಸಿಟ್ಟು ಜಾಸ್ತಿ’ ಎಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ಎಷ್ಟೋ ಸಲ ಅದು ಹೆಸರೂ ಚಿಕಿತ್ಸೆಯೂ ಇರುವ ಕಾಯಿಲೆಯಾಗಿರುತ್ತದೆ.

ಈ ಹೆಸರು ಸಿಗುವುದಕ್ಕೆ ಬಹಳ ಕಾಲ ಹಿಡಿಯಿತು. ಮೊದಲ ಮಹಾಯುದ್ಧದ ಕಂದಕಗಳಿಂದ ನಡುಗುತ್ತಾ, ಮಾತು ಕಳೆದುಕೊಂಡು ಬಂದ ಸೈನಿಕರ ಬಗ್ಗೆ ಚಾರ್ಲ್ಸ್ ಮಯರ್ಸ್ ಎಂಬ ವೈದ್ಯ 1915ರಲ್ಲಿ ಬರೆದಾಗ ಅದನ್ನು ‘ಶೆಲ್ ಶಾಕ್’ ಎಂದು ಕರೆದ. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆಯೇರಿ ಹೋರಾಡಿದ್ದೂ ಅದೇ ಯುದ್ಧದಲ್ಲಿ. ಅವರ ಶೌರ್ಯ ಇತಿಹಾಸ ಸೇರಿತು. ಊರಿಗೆ ಮರಳಿದವರ ನಿದ್ದೆಯ ಬಗ್ಗೆ ಕೇಳುವ ವಿಜ್ಞಾನ ಆಗಿನ್ನೂ ಬೆಳೆದಿರಲಿಲ್ಲ. ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ಇದನ್ನು ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ ಎಂದು ತನ್ನ ಪಟ್ಟಿಗೆ ಸೇರಿಸಿತು.

ಲಕ್ಷಣಗಳು ನಾಲ್ಕು ಬಗೆ. ಕಂಡದ್ದೇ ಕನಸಿನಲ್ಲೂ ಎಚ್ಚರದಲ್ಲೂ ಮತ್ತೆ ನಡೆದಂತಾಗುವುದು. ಅದನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ದೂರ ಉಳಿಯುವುದು. ಯಾರೂ ಬೇಡ, ಏನೂ ಬೇಡ ಎನ್ನಿಸುವುದು ಅಥವಾ ಗೆಳೆಯ ಸತ್ತ, ನಾನು ಉಳಿದೆ ಎಂಬ ತಪ್ಪಿತಸ್ಥ ಭಾವ. ಸದಾ ಬೆಚ್ಚಿಬೀಳುವುದು, ರೇಗುವುದು. ಇವು ಒಂದು ತಿಂಗಳು ಮೀರಿ ಉಳಿದು ದಿನದ ಬದುಕನ್ನು ಕೆಡಿಸಿದರೆ ವೈದ್ಯರ ಬಳಿ ಹೋಗಬೇಕು. ಯುದ್ಧ ಕಂಡ ಎಲ್ಲರಿಗೂ ಇದು ಬರುವುದಿಲ್ಲ; ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಮಿದುಳಿನೊಳಗೆ ನಡೆಯುವುದೇನು? ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗ ಅಪಾಯವನ್ನು ಗುರುತಿಸಿ ಕ್ಷಣದಲ್ಲೇ ದೇಹವನ್ನು ಸಜ್ಜುಗೊಳಿಸುತ್ತದೆ. ಹಿಪೊಕ್ಯಾಂಪಸ್, ‘ಇದು ಆಗ, ಅಲ್ಲಿ ನಡೆದದ್ದು’ ಎಂದು ನೆನಪಿಗೆ ಕಾಲ, ಸ್ಥಳ ಜೋಡಿಸುತ್ತದೆ. ಹಣೆಯ ಹಿಂದಿನ ಭಾಗ ಅಮಿಗ್ಡಲಾವನ್ನು ಸಮಾಧಾನಪಡಿಸುತ್ತದೆ. ಈ ಕಾಯಿಲೆಯಲ್ಲಿ ಮೊದಲನೆಯದು ಅತಿಯಾಗಿ ಚುರುಕಾಗಿ, ಉಳಿದೆರಡರ ಹಿಡಿತ ಸಡಿಲವಾಗುತ್ತದೆ. ಹೀಗಾಗಿ ತೋಟದ ಪಟಾಕಿ ಇವತ್ತಿನ ಸದ್ದಾಗಿ ಕೇಳುವುದಿಲ್ಲ. ಗಡಿಯಲ್ಲಿ ಜೀವ ಉಳಿಸಿದ್ದ ಕಲಿಕೆಯೇ ಮನೆಯಲ್ಲಿ ಜೀವ ಹಿಂಡುತ್ತದೆ.

ಕಲಿಕೆಯಾದ್ದರಿಂದಲೇ ಅದರ ಮೇಲೆ ಹೊಸ ಕಲಿಕೆ ಸಾಧ್ಯ. ಒಂದು ಚಿಕಿತ್ಸೆಯಲ್ಲಿ ಸುರಕ್ಷಿತ ಕೋಣೆಯೊಳಗೆ, ತರಬೇತಿ ಪಡೆದ ಮನಃಶಾಸ್ತ್ರಜ್ಞರ ಎದುರು, ಆ ಘಟನೆಯನ್ನು ಮತ್ತೆ ಮತ್ತೆ ಹೇಳಿಸುತ್ತಾರೆ. ನೆನಪು ಬಂದರೂ ಅಪಾಯ ಬರುವುದಿಲ್ಲ ಎಂದು ಮಿದುಳು ನಿಧಾನಕ್ಕೆ ಒಪ್ಪುತ್ತದೆ. ವಾರಕ್ಕೊಂದರಂತೆ ಸುಮಾರು 8ರಿಂದ 15 ಭೇಟಿ ಬೇಕಾಗುತ್ತದೆ. ಇನ್ನೊಂದರಲ್ಲಿ ‘ಎಲ್ಲಾ ನನ್ನಿಂದಲೇ ಆಯಿತು’ ಎಂಬಂಥ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಸಾಮಾನ್ಯವಾಗಿ 12 ಭೇಟಿ. ಸರ್ಟ್ರಾಲಿನ್‌ನಂಥ ಮಾತ್ರೆಗಳೂ ಹಲವರಿಗೆ ನೆರವಾಗುತ್ತವೆ. ಮಿಲ್ಟ್ರಿ ಕ್ಯಾಂಟೀನಿನ ಬಾಟಲಿ ಇದಕ್ಕೆ ಮದ್ದಲ್ಲ: ಕುಡಿತ ಬೇಗ ನಿದ್ದೆ ಹತ್ತಿಸಿದರೂ ಅಮಲು ಇಳಿದಂತೆ ನಿದ್ದೆ ತುಂಡಾಗುತ್ತದೆ, ಚೇತರಿಕೆ ಹಿಂದೆ ಬೀಳುತ್ತದೆ.

ಗುಂಡಿನ ಸದ್ದನ್ನೇ ಕೇಳದವರಿಗೂ ನಿವೃತ್ತಿ ಕಷ್ಟವೇ. ಸಿಪಾಯಿಗಳು ನಲವತ್ತರ ಆಸುಪಾಸಿನಲ್ಲೇ ಸಮವಸ್ತ್ರ ಕಳಚುತ್ತಾರೆ. ಪಲ್ಟನ್ನಿನ ಜೊತೆಗಾರರು, ದಿನಚರಿ, ಹುದ್ದೆಯ ಗೌರವ ಒಂದೇ ದಿನ ಇಲ್ಲವಾಗುತ್ತವೆ. ಮಕ್ಕಳು ಅಪ್ಪ ಇಲ್ಲದೆ ಬೆಳೆದಿರುತ್ತಾರೆ. ಮನೆ ನಡೆಸುವುದನ್ನು ಹೆಂಡತಿ ಒಬ್ಬಳೇ ಕಲಿತಿರುತ್ತಾಳೆ. ಇಲ್ಲಿ ಖಿನ್ನತೆ ಹುಟ್ಟಿದರೆ ಅದಕ್ಕೂ ಚಿಕಿತ್ಸೆ ಬೇಕು.

ಚಿಕಿತ್ಸೆ ದೂರದಲ್ಲೇನೂ ಇಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸೇನೆಯವರಿಗೆಂದೇ ಒಂದು ವಿಭಾಗ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಯಿತು. ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ 2003ರಿಂದ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆಯಿದೆ. ಬೇಲೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನದಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ, ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯೂ ಇವೆ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಗಳಿಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿಯಲ್ಲಿ ಮಾಡಿತ್ತು. 1996ರಲ್ಲಿ ಅದೇ ಮಾದರಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ದೇಶಕ್ಕೆ ದಾರಿ ತೋರಿದ ರಾಜ್ಯದಲ್ಲಿ ನಮ್ಮೂರಿನ ಯೋಧರು ಚಿಕಿತ್ಸೆಯಿಲ್ಲದೆ ನರಳಬೇಕಿಲ್ಲ.

ಮನೆಯವರು ಮಾಡಬಹುದಾದದ್ದೂ ಇದೆ. ಪಟಾಕಿ ಹಚ್ಚುವ ಮುನ್ನ ಹೇಳಿಬಿಡಿ. ನಿದ್ದೆಯಲ್ಲಿ ಬೆಚ್ಚಿದವರನ್ನು ಮೈಮುಟ್ಟಿ ಅಲುಗಾಡಿಸದೆ, ದೂರದಿಂದ ಹೆಸರು ಹಿಡಿದು ಕರೆಯಿರಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಲು ಅಂಜಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಬ್ಬರೇ ಬಿಡಬೇಡಿ. ತೋಟದ ಕೋವಿ, ಕೀಟನಾಶಕ ಅವರ ಕೈಗೆ ಸಿಗದಂತೆ ಮಾಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಯಗೊಂಡ ಕಾಲಿಗೆ ಕಟ್ಟು ಹಾಕಿಸಿಕೊಳ್ಳಲು ಯಾವ ಸೈನಿಕನೂ ನಾಚುವುದಿಲ್ಲ. ಸೇವೆಯಲ್ಲಿ ಆದ ಈ ಗಾಯಕ್ಕೂ ಅದೇ ಆರೈಕೆ ಅವರ ಹಕ್ಕು.