15 ಅಂಕ ಹಿಂದೆ, 20 ನಿಮಿಷ ಬಾಕಿ

2022ರ ಏಪ್ರಿಲ್ 4ರ ರಾತ್ರಿ. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್ ಅರ್ಧ ಮುಗಿದಿತ್ತು. ಫಲಕದಲ್ಲಿ ನಾರ್ತ್ ಕ್ಯಾರೊಲೈನಾ 40, ಕಾನ್ಸಾಸ್ 25. ಮನೆಯಲ್ಲಿ ಟಿವಿ ನೋಡುತ್ತಿದ್ದವರಲ್ಲಿ ಎಷ್ಟೋ ಮಂದಿ ಅಷ್ಟಕ್ಕೇ ಎದ್ದು ಮಲಗಲು ಹೋಗಿರಬೇಕು. ಒಳಗೆ ಡ್ರೆಸಿಂಗ್ ರೂಮಿನಲ್ಲಿ ಕಾನ್ಸಾಸ್ ಕೋಚ್ ಬಿಲ್ ಸೆಲ್ಫ್ ತಮ್ಮ ಹುಡುಗರಿಗೆ ಒಂದು ಪ್ರಶ್ನೆ ಹಾಕಿದರು. 2 ನಿಮಿಷ ಉಳಿದಿರುವಾಗ 9 ಅಂಕ ಹಿಂದಿರುವುದು ಮೇಲೋ, 20 ನಿಮಿಷ ಉಳಿದಿರುವಾಗ 15 ಅಂಕ ಹಿಂದಿರುವುದು ಮೇಲೋ?

ಕೇಳಿದ್ದು ಸುಮ್ಮನೆ ಹುರಿದುಂಬಿಸಲು ಅಲ್ಲ. ಆ ಪ್ರಶ್ನೆಯ ಮೊದಲರ್ಧ ನಡೆದ ಕಥೆ. 2008ರ ಫೈನಲ್‌ನಲ್ಲಿ ಇದೇ ಸೆಲ್ಫ್ ಅವರ ತಂಡ ಅಷ್ಟೇ ಹಿಂದಿದ್ದು ಗೆದ್ದು ಬಂದಿತ್ತು. 2022ರಲ್ಲೂ ಹಾಗೇ ಆಯಿತು. ಒಂದು ಹಂತದಲ್ಲಿ 16 ಅಂಕ ಹಿಂದಿದ್ದ ಕಾನ್ಸಾಸ್ 72-69ರಿಂದ ಗೆದ್ದಿತು. ಅಷ್ಟು ದೊಡ್ಡ ಅಂತರ ಅಳಿಸಿ ಈ ಟೂರ್ನಿಯ ಫೈನಲ್ ಗೆದ್ದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಹಳೆಯ ದಾಖಲೆ 15 ಅಂಕದ್ದು, 1963ರಲ್ಲಿ ಶಿಕಾಗೋದ ಲೊಯೋಲಾ ಕಾಲೇಜು ಮಾಡಿದ್ದು.

ಇಂಥ ಗೆಲುವುಗಳಿಗೆಲ್ಲ ಅಲ್ಲಿನ ಪತ್ರಿಕೆಗಳು ಪವಾಡ ಎಂದು ಹೆಸರಿಟ್ಟುಬಿಡುತ್ತವೆ. ಕಾನ್ಸಾಸ್‌ನ ಪಂದ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ಪವಾಡಕ್ಕಿಂತ ಹೆಚ್ಚಾಗಿ ಅಲ್ಲಿರುವುದು ಲೆಕ್ಕಾಚಾರ. ಗಡಿಯಾರವನ್ನು ಹೇಗೆ ನಿಲ್ಲಿಸಬೇಕು, ಮುಂದಿರುವವನ ಕೈಯನ್ನು ಹೇಗೆ ನಡುಗಿಸಬೇಕು ಎಂಬ ಲೆಕ್ಕಾಚಾರ.

ಮೊದಲು ಊರಿನ ವಿಚಾರ. ಕಾನ್ಸಾಸ್ ವಿಶ್ವವಿದ್ಯಾಲಯ ಇರುವುದು ಲಾರೆನ್ಸ್ ಎಂಬ ಸಾಧಾರಣ ಪಟ್ಟಣದಲ್ಲಿ. ಸುತ್ತ ಗೋಧಿ, ಮೆಕ್ಕೆಜೋಳದ ಬಯಲು. ನಡುವೆ ಮೌಂಟ್ ಓರಿಯಡ್ ಎಂಬ ಗುಡ್ಡ, ಅದರ ಮೇಲೆ ಕಾಲೇಜು. 1898ರಲ್ಲಿ ಇಲ್ಲಿಗೆ ದೈಹಿಕ ಶಿಕ್ಷಣ ಕಲಿಸಲು, ಪ್ರಾರ್ಥನಾ ಮಂದಿರ ನೋಡಿಕೊಳ್ಳಲು ಬಂದವರು ಜೇಮ್ಸ್ ನೈಸ್ಮಿತ್. ಏಳು ವರ್ಷ ಹಿಂದೆ, 1891ರ ಡಿಸೆಂಬರ್‌ನಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಎರಡು ಪೀಚ್ ಹಣ್ಣಿನ ಬುಟ್ಟಿ ಹೊಡೆದು ಈ ಆಟವನ್ನು ಹುಟ್ಟುಹಾಕಿದ್ದವರು ಅವರೇ. ಅದೇ ವೈಎಂಸಿಎ ಮುಂದೆ ನಮ್ಮ ದೇಶಕ್ಕೂ ಈ ಆಟವನ್ನು ತಂದಿತು. ಲಾರೆನ್ಸ್‌ನಲ್ಲಿ ನೈಸ್ಮಿತ್ ತಂಡ ಕಟ್ಟಿದರು. 55 ಗೆದ್ದರು, 60 ಸೋತರು. ಕಾನ್ಸಾಸ್ ಕೋಚ್‌ಗಳ ಪೈಕಿ ಗೆದ್ದದ್ದಕ್ಕಿಂತ ಹೆಚ್ಚು ಸೋತ ಏಕೈಕ ವ್ಯಕ್ತಿ ಆಟ ಕಂಡುಹಿಡಿದಾತನೇ ಎಂಬುದನ್ನು ಅಲ್ಲಿಯವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಗೆಲ್ಲುವುದನ್ನು ಕಲಿಸಿದವರು ಅವರ ಶಿಷ್ಯ ಫಾರೆಸ್ಟ್ ಆಲೆನ್. ಬೇಸ್‌ಬಾಲ್ ಅಂಪೈರ್ ಆಗಿದ್ದಾಗ ಹಡಗಿನ ಮಂಜುಗಹಳೆಯಂತೆ ಕೂಗುತ್ತಿದ್ದರಂತೆ, ಹಾಗಾಗಿ 'ಫಾಗ್' ಆಲೆನ್ ಎಂಬ ಹೆಸರು ಬಿತ್ತು. 39 ಸೀಸನ್ ಇಲ್ಲಿ ಕೋಚ್ ಆಗಿದ್ದರು. ಇವರ ಬಳಿ ಆಡಿದ ಅಡಾಲ್ಫ್ ರಪ್ ಕೆಂಟಕಿಯನ್ನು, ಡೀನ್ ಸ್ಮಿತ್ ನಾರ್ತ್ ಕ್ಯಾರೊಲೈನಾವನ್ನು ದೊಡ್ಡದು ಮಾಡಿದರು. 1955ರ ಮಾರ್ಚ್ 1ರಂದು ತೆರೆದ ಆಲೆನ್ ಫೀಲ್ಡ್‌ಹೌಸ್ ಇವರ ಹೆಸರಿನದೇ. ಸಾವಿರಾರು ಜನ ಹಿಡಿಸುವ ಕಲ್ಲುಗೋಡೆಯ ದೊಡ್ಡ ಕೊಟ್ಟಿಗೆ ಅದು. ಒಳಗೆ ಹಾಕಿರುವ ಬ್ಯಾನರ್ ಒಳಬರುವವರಿಗೆಲ್ಲ ಫಾಗ್ ಇದ್ದಾರೆ, ಜೋಕೆ ಎನ್ನುತ್ತದೆ. 1988ರಲ್ಲಿ ವಿದ್ಯಾರ್ಥಿಗಳು ಮೊದಲು ಅದನ್ನು ಬರೆದದ್ದು ಹಾಸ್ಟೆಲ್‌ನ ಸ್ನಾನದ ಪರದೆಗಳ ಮೇಲೆ. ಎದುರಾಳಿ ಆಟಗಾರರ ಹೆಸರು ಕೂಗುವಾಗ ವಿದ್ಯಾರ್ಥಿಗಳೆಲ್ಲ ಮುಖಕ್ಕೆ ಪೇಪರ್ ಹಿಡಿದು ಓದುವ ನಟನೆ ಮಾಡುತ್ತಾರೆ. ತಮ್ಮವರು ಬಂದದ್ದೇ ತಡ, ಅದನ್ನು ಚೂರು ಚೂರು ಮಾಡಿ ಮೇಲಕ್ಕೆ ತೂರುತ್ತಾರೆ.

ಇನ್ನು ಲೆಕ್ಕಾಚಾರ. ಕಾಲೇಜು ಪುರುಷರ ಆಟ 20 ನಿಮಿಷದ ಎರಡು ಅವಧಿಗಳದ್ದು. ಕಬಡ್ಡಿಯಲ್ಲಿ ಮುನ್ನಡೆಯಲ್ಲಿರುವ ತಂಡದ ರೈಡರ್ ಕೊನೆಯ ನಿಮಿಷಗಳಲ್ಲಿ ಗೆರೆಯ ಹತ್ತಿರವೇ ಸುಳಿದಾಡಿ ಹೊತ್ತು ಕಳೆಯುತ್ತಾನಲ್ಲ, ಇಲ್ಲೂ ಮುಂದಿರುವ ತಂಡಕ್ಕೆ ಅದೇ ಆಸೆ. ಹಿಂದಿರುವವರ ಕೈಲಿರುವ ಅಸ್ತ್ರ ಫೌಲ್. ಬೇಕೆಂದೇ ಮೈಮೇಲೆ ಬಿದ್ದರೆ ಸೀಟಿ ಮೊಳಗುತ್ತದೆ, ಗಡಿಯಾರ ನಿಲ್ಲುತ್ತದೆ, ತಂಡದ ಫೌಲ್‌ಗಳು ಮಿತಿ ದಾಟಿದ್ದರೆ ಎದುರಾಳಿ ಸುಮಾರು ನಾಲ್ಕೂವರೆ ಮೀಟರ್ ದೂರದಿಂದ ಫ್ರೀ ಥ್ರೋ ಎಸೆಯಬೇಕು. ಎದುರಿಗೆ ತಡೆಯುವವರು ಯಾರೂ ಇಲ್ಲ, ಅಭ್ಯಾಸದಲ್ಲಿ ಕಣ್ಣು ಮುಚ್ಚಿ ಹಾಕುವ ಎಸೆತ. ಪಂದ್ಯದ ಕೊನೆಗೆ ಅದೇ ಬೆಟ್ಟವಾಗುತ್ತದೆ. ಹಾಕಿದರೆ ಸಿಗುವುದು ಒಂದೊಂದೇ ಅಂಕ; ಅತ್ತ ಹಿಂದಿರುವವರಿಗೆ ಅಂಗಳದಲ್ಲಿ ಎಳೆದ ಚಾಪದ ಆಚೆಯಿಂದ ಒಂದು ಎಸೆತ ಬಿದ್ದರೆ ಮೂರು. ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಇದಕ್ಕೆಲ್ಲ ಜಾಗವೇ ಇರಲಿಲ್ಲ. ಅಲ್ಲಿ ಒಂದು ತಂಡ ಸತತ ಮೂರು ಫೌಲ್ ಮಾಡಿದರೆ ಎದುರಾಳಿಗೆ ನೇರವಾಗಿ ಒಂದು ಗೋಲು. ಆ ಹಾಳೆಗಳು ಈಗ ಫೀಲ್ಡ್‌ಹೌಸ್‌ಗೆ ಅಂಟಿಕೊಂಡ ಕಟ್ಟಡದಲ್ಲೇ ಇವೆ; 2010ರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಹರಾಜಿನಲ್ಲಿ 43 ಲಕ್ಷ ಡಾಲರ್ ಕೊಟ್ಟು ತಂದರು. ಆ ನಿಯಮವೇ ಉಳಿದಿದ್ದರೆ ಗೋಡೆಯಾಚೆ ಜನ ಕೊಂಡಾಡುವ ಗೆಲುವುಗಳಲ್ಲಿ ಕೆಲವು ನಡೆಯುತ್ತಲೇ ಇರಲಿಲ್ಲ.

ಮುಖ್ಯವಾಗಿ 2008ರದ್ದು. ಸ್ಯಾನ್ ಆಂಟೋನಿಯೋ, ಏಪ್ರಿಲ್ 7. ಎದುರಿಗೆ ಆ ವರ್ಷ ಒಂದೇ ಪಂದ್ಯ ಸೋತಿದ್ದ ಮೆಂಫಿಸ್, ಅದರ ತಾರೆ ಡೆರಿಕ್ ರೋಸ್. 2 ನಿಮಿಷ 12 ಸೆಕೆಂಡ್ ಉಳಿದಿದ್ದಾಗ ಮೆಂಫಿಸ್ 60, ಕಾನ್ಸಾಸ್ 51. ಮೆಂಫಿಸ್‌ಗೆ ಎಲ್ಲವೂ ಇತ್ತು, ಫ್ರೀ ಥ್ರೋ ಒಂದು ಬಿಟ್ಟು; ಸೀಸನ್ ಉದ್ದಕ್ಕೂ ಅದೇ ದೌರ್ಬಲ್ಯ. ಕಾನ್ಸಾಸ್‌ನ ಡ್ಯಾರೆಲ್ ಆರ್ಥರ್ ಎರಡು ಅಂಕ ಹಾಕಿದ. ಮೆಂಫಿಸ್ ಚೆಂಡನ್ನು ಒಳಕ್ಕೆ ಕೊಡುವಷ್ಟರಲ್ಲಿ ಶೆರಾನ್ ಕಾಲಿನ್ಸ್ ಕಸಿದ. ಕೊನೆಗೆ ಅವನೇ ಮೂರು ಅಂಕದ ಎಸೆತವನ್ನೂ ಹಾಕಿದ. ಅಲ್ಲಿಂದ ಫೌಲ್, ಸೀಟಿ, ಫ್ರೀ ಥ್ರೋ. ಕೊನೆಯ 75 ಸೆಕೆಂಡಿನಲ್ಲಿ ಮೆಂಫಿಸ್ ಐದು ಎಸೆದು ನಾಲ್ಕು ತಪ್ಪಿಸಿತು. ಬಿದ್ದ ಒಂದೇ ಒಂದು ರೋಸ್‌ದು. 63-60, ಉಳಿದದ್ದು 10.8 ಸೆಕೆಂಡ್.

ಮೂರು ಅಂಕ ಮುಂದಿರುವ ತಂಡ ಈಗ ತಾನೇ ಫೌಲ್ ಮಾಡಬೇಕು, ಎದುರಾಳಿಗೆ ಮೂರರ ಎಸೆತಕ್ಕೆ ಆಸ್ಪದ ಕೊಡದೆ ಎರಡು ಫ್ರೀ ಥ್ರೋಗೆ ತಳ್ಳಬೇಕು. ಮೆಂಫಿಸ್‌ಗೂ ಅದು ಗೊತ್ತಿತ್ತು. ಆದರೆ ಸೀಟಿ ಮೊಳಗಲಿಲ್ಲ. ಕಾಲಿನ್ಸ್ ಚೆಂಡು ಕುಟ್ಟಿಕೊಂಡು ಓಡಿಬಂದು, ಮುಗ್ಗರಿಸುತ್ತಲೇ ಪಕ್ಕದಲ್ಲಿ ಸುತ್ತಿ ಬಂದ ಮಾರಿಯೋ ಚಾಲ್ಮರ್ಸ್ ಕೈಗೆ ದಾಟಿಸಿದ. ಚಾಲ್ಮರ್ಸ್ ಚಾಪದ ಆಚೆಯಿಂದ ರೋಸ್ ತಲೆಯ ಮೇಲಿಂದ ಎಸೆದ. 2.1 ಸೆಕೆಂಡ್ ಇದ್ದಂತೆ 63-63. ಹೆಚ್ಚುವರಿ ಅವಧಿಯಲ್ಲಿ ಮೆಂಫಿಸ್ ಕಾಲು ಸೋತಿತು, 75-68. ಅಂದಹಾಗೆ, ಆಟಗಾರನ ಅರ್ಹತೆಯ ಪ್ರಶ್ನೆ ಎದ್ದು ಮೆಂಫಿಸ್‌ನ ಆ ಸೀಸನ್ನಿನ ಗೆಲುವುಗಳನ್ನೇ ದಾಖಲೆಯಿಂದ ಆಮೇಲೆ ಅಳಿಸಲಾಯಿತು. ಕಾನ್ಸಾಸ್‌ನವರು ನಗುವಂತಿಲ್ಲ: ಅವರ 2017-18ರ 15 ಗೆಲುವುಗಳಿಗೂ 2023ರಲ್ಲಿ ಅದೇ ಗತಿಯಾಯಿತು.

ಚಾಲ್ಮರ್ಸ್ ಎಸೆತ ಎಲ್ಲರ ಬಾಯಲ್ಲಿದೆ, ಸರಿ. ನನ್ನನ್ನು ಕೇಳಿದರೆ ಇದಕ್ಕಿಂತ ತೂಕದ ಪಂದ್ಯ 2012ರ ಫೆಬ್ರುವರಿ 25ರದ್ದು, ಲಾರೆನ್ಸ್‌ನಲ್ಲೇ ಆಡಿದ್ದು. ಎದುರಾಳಿ ಪಕ್ಕದ ರಾಜ್ಯ ಮಿಸೌರಿ. ಈ ಎರಡು ರಾಜ್ಯಗಳ ಹಗೆ ಬರೀ ಆಟದ್ದಲ್ಲ. ಗುಲಾಮಗಿರಿ ಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಗಡಿಯ ಎರಡೂ ಕಡೆ ರಕ್ತ ಹರಿದಿತ್ತು. 1863ರ ಆಗಸ್ಟ್ 21ರಂದು ಮಿಸೌರಿ ಕಡೆಯ ಕ್ವಾಂಟ್ರಿಲ್‌ನ ದಂಡು ಲಾರೆನ್ಸ್‌ಗೆ ನುಗ್ಗಿ ನೂರೈವತ್ತರಷ್ಟು ಗಂಡಸರು, ಹುಡುಗರನ್ನು ಕೊಂದು ಊರು ಸುಟ್ಟಿತು. ಕಾಲೇಜು ತಂಡದ ಜೇಹಾಕ್ ಎಂಬ ಹೆಸರೂ ಆ ಕಾಲದ ಗಡಿ ಕಾಳಗದ್ದೇ. ಹೀಗೆ ನೂರು ವರ್ಷ ದಾಟಿ ಆಡಿಕೊಂಡು ಬಂದ ಮಿಸೌರಿ, ಬೇರೆ ಒಕ್ಕೂಟ ಸೇರಲು ಹೊರಟಿತ್ತು. ಲಾರೆನ್ಸ್‌ನಲ್ಲಿ ಇದೇ ಕೊನೆಯ ಭೇಟಿ ಎಂದು ಎಲ್ಲರೂ ತಿಳಿದಿದ್ದರು. ಮೂರು ವಾರ ಮುಂಚೆ ಮಿಸೌರಿಯ ಊರಿನಲ್ಲಿ ಕಾನ್ಸಾಸ್ ಕೊನೆಯ ಎರಡು ನಿಮಿಷದಲ್ಲಿ 8 ಅಂಕದ ಮುನ್ನಡೆ ಕೈಚೆಲ್ಲಿ ಬಂದಿತ್ತು.

ಅಂಥ ದಿನ, ದ್ವಿತೀಯಾರ್ಧದಲ್ಲಿ ಕಾನ್ಸಾಸ್ 19 ಅಂಕ ಹಿಂದೆ. ಅಲ್ಲಿಂದ ತಂಡವನ್ನು ಇಂಚಿಂಚಾಗಿ ಎಳೆದು ತಂದವನು ಥಾಮಸ್ ರಾಬಿನ್ಸನ್. ಹಿಂದಿನ ವರ್ಷ ಕೆಲವೇ ವಾರಗಳ ಅಂತರದಲ್ಲಿ ಅಜ್ಜಿ, ಅಜ್ಜ, ಆಮೇಲೆ ತಾಯಿಯನ್ನೂ ಕಳೆದುಕೊಂಡಿದ್ದ ಹುಡುಗ. 16 ಸೆಕೆಂಡ್ ಉಳಿದಿದ್ದಾಗ ಫೌಲ್ ತಿನ್ನುತ್ತಲೇ ಬುಟ್ಟಿಗೆ ಹಾಕಿ, ಫ್ರೀ ಥ್ರೋವನ್ನೂ ಹಾಕಿ 75-75 ಮಾಡಿದ. ಆಚೆ ತುದಿಗೆ ಓಡಿಹೋಗಿ ಮಿಸೌರಿಯ ಫಿಲ್ ಪ್ರೆಸ್ಸಿಯ ಕೊನೆಯ ಎಸೆತವನ್ನು ತಡೆದವನೂ ಅವನೇ. ಅದು ಫೌಲ್ ಎಂದು ಮಿಸೌರಿಯವರು ಇಂದಿಗೂ ವಾದಿಸುತ್ತಾರೆ. ಹೆಚ್ಚುವರಿ ಅವಧಿಯಲ್ಲಿ ಟೈಶಾನ್ ಟೇಲರ್ 8.3 ಸೆಕೆಂಡ್ ಇರುವಾಗ ಎರಡೂ ಫ್ರೀ ಥ್ರೋ ಹಾಕಿದ, 87-86. ಗೆಲುವು ಖಚಿತವಾದಾಗ ನಿಧಾನಕ್ಕೆ, ಪ್ರಾರ್ಥನೆಯಂತೆ ಹೇಳುವ 'ರಾಕ್ ಚಾಕ್' ಘೋಷಕ್ಕೆ ಕೊನೆಯ ಸೆಕೆಂಡಿನವರೆಗೂ ಪುರುಸೊತ್ತೇ ಸಿಗಲಿಲ್ಲ. (ಕೊನೆಯ ಭೇಟಿ ಎಂಬುದೇನೋ ಸುಳ್ಳಾಯಿತು, 2021ರಲ್ಲಿ ಮಿಸೌರಿ ಮತ್ತೆ ಬಂದು 102-65ರಿಂದ ಸೋತು ಹೋಯಿತು.)

ಗದ್ದಲ ಪಂದ್ಯ ಗೆಲ್ಲಿಸುತ್ತದೆಯೇ? ಲಾರೆನ್ಸ್‌ನಲ್ಲಿ ಹಾಗೆಂದು ಪ್ರಮಾಣ ಮಾಡುವವರಿದ್ದಾರೆ. 2017ರ ಫೆಬ್ರುವರಿ 13ರಂದು ಅಲ್ಲಿನ ಪ್ರೇಕ್ಷಕರು 130.4 ಡೆಸಿಬಲ್ ಕೂಗಿ ಗಿನ್ನೆಸ್ ದಾಖಲೆ ಬರೆದರು. ಆದರೆ ಆಟ ಶುರುವಾದ ಮೇಲೆ ಮುನ್ನಡೆದದ್ದು ವೆಸ್ಟ್ ವರ್ಜೀನಿಯಾ. ಮೂರು ನಿಮಿಷಕ್ಕೂ ಕಡಿಮೆ ಉಳಿದಾಗ ಕಾನ್ಸಾಸ್ 14 ಅಂಕ ಹಿಂದಿತ್ತು. ವೆಸ್ಟ್ ವರ್ಜೀನಿಯಾಗೆ ಹೆಸರು ತಂದಿದ್ದು ಅಂಗಳದ ಉದ್ದಕ್ಕೂ ಬೆನ್ನಟ್ಟಿ ಚೆಂಡು ಕಸಿಯುವ ಪ್ರೆಸ್ ಆಟ. ಅವರ ಮದ್ದನ್ನೇ ಅವರಿಗೆ ಕುಡಿಸಿದಂತೆ ಕಾನ್ಸಾಸ್ ಪ್ರೆಸ್ ಮಾಡಿತು. ಸಮಬಲವಾಗಿ, ಹೆಚ್ಚುವರಿ ಅವಧಿಯಲ್ಲಿ 84-80ರಿಂದ ಗೆದ್ದಿತು. ಚೆಂಡನ್ನು ಒಳಕ್ಕೆ ಕೊಡುವವನಿಗೆ ಪಕ್ಕದವನ ಕೂಗು ಕೇಳದಿದ್ದರೆ ಪ್ರೆಸ್ ಇನ್ನಷ್ಟು ಕಚ್ಚುತ್ತದೆ. ಗದ್ದಲದ ಪಾಲು ನನ್ನ ಪ್ರಕಾರ ಅಷ್ಟು ಮಾತ್ರ.

2022ರ ಫೈನಲ್‌ನಲ್ಲಿ ಅಂಗಳ ಪರಸ್ಥಳದ್ದು. ಅಲ್ಲಿ ಬೇಕೆಂದೇ ಫೌಲ್ ಮಾಡುವ ಗೋಜೂ ಇರಲಿಲ್ಲ. 20 ನಿಮಿಷ ಕೈಯಲ್ಲಿದ್ದಾಗ ಬೇಕಾದ್ದು ಓಟ, ಅಷ್ಟೇ. ವಿರಾಮದ ನಂತರ ಕಾನ್ಸಾಸ್ ಓಡಿತು, ಕೆಲವೇ ನಿಮಿಷಗಳಲ್ಲಿ ಅಂತರ ಕರಗಿತು. ಕೊನೆಯ ಎರಡು ಬುಟ್ಟಿ ಹಾಕಿದ್ದು ದೈತ್ಯದೇಹಿ ಡೇವಿಡ್ ಮೆಕಾರ್ಮ್ಯಾಕ್. 4.3 ಸೆಕೆಂಡ್ ಇರುವಾಗ ಕಾನ್ಸಾಸ್ ಹುಡುಗನೊಬ್ಬ ಚೆಂಡಿನ ಸಮೇತ ಗಡಿಗೆರೆ ತುಳಿದು ನಾರ್ತ್ ಕ್ಯಾರೊಲೈನಾಗೆ ಕೊನೆಯ ಅವಕಾಶವನ್ನು ತಾನಾಗೇ ಕೊಟ್ಟ. ಕೇಲೆಬ್ ಲವ್‌ನ ಎಸೆತ ಬೀಳಲಿಲ್ಲ.

ಲಾರೆನ್ಸ್‌ನಲ್ಲಿ ಹೆಚ್ಚು ಮಾತಿಗೆ ಬಾರದ ಪಂದ್ಯವೂ ಒಂದಿದೆ. 2013ರ ಮಾರ್ಚ್ 29, ಟೆಕ್ಸಸ್‌ನ ಆರ್ಲಿಂಗ್ಟನ್. ಮಿಷಿಗನ್ ಮೇಲೆ ಕಾನ್ಸಾಸ್‌ಗೆ 14 ಅಂಕದ ಮುನ್ನಡೆ, ಉಳಿದದ್ದು ಏಳು ನಿಮಿಷಕ್ಕೂ ಕಡಿಮೆ. ಮೊದಲರ್ಧದಲ್ಲಿ ಒಂದು ಅಂಕವನ್ನೂ ಹಾಕದ ಮಿಷಿಗನ್‌ನ ಟ್ರೇ ಬರ್ಕ್ ಆಮೇಲೆ 23 ಅಂಕ ಹಾಕಿದ. ಕೊನೆಯ ಸೆಕೆಂಡುಗಳಲ್ಲಿ ಕಾನ್ಸಾಸ್ ಮೂರು ಅಂಕ ಮುಂದಿತ್ತು, ಫೌಲ್ ಮಾಡಲಿಲ್ಲ. ಬರ್ಕ್ ಚಾಪದಿಂದ ಬಲು ದೂರ ನಿಂತು ಎಸೆದ, ಬಿತ್ತು. ಹೆಚ್ಚುವರಿ ಅವಧಿ ಮುಗಿದಾಗ ಮಿಷಿಗನ್ 87, ಕಾನ್ಸಾಸ್ 85. ಮೂರು ಅಂಕ ಮುಂದಿದ್ದಾಗ ಫೌಲ್ ಮಾಡಬೇಕೋ ಬೇಡವೋ ಎಂದು ಕೋಚ್‌ಗಳು ಈಗಲೂ ಜಗಳವಾಡುತ್ತಾರೆ. ಮಾಡಬೇಕು ಎನ್ನುವವರು ಬಿಲ್ ಸೆಲ್ಫ್ ಅವರ ಎರಡೂ ಪಂದ್ಯಗಳನ್ನು ತೋರಿಸಬಹುದು, ಅವರು ಗೆದ್ದದ್ದನ್ನೂ ಸೋತದ್ದನ್ನೂ.